ನೀಲತ್ತಿಯ ಹರಿಗೋಲಿನ ಪರವಾನಗಿ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ಸಂಗತಿಗಳು ತಪ್ಪಿರಬಹುದು. ಆಗ ನನಗೆ ಎಂಟು ವರ್ಷವೋ ಒಂಬತ್ತೋ. ಮಹಾಯುದ್ಧ ನಡೆದಿತ್ತೆಂಬುದು ಖಾತ್ರಿ, ಏಕೆಂದರೆ ಸೀಮೆಎಣ್ಣೆ ಸಿಗುವುದಿಲ್ಲವೆಂದು ಅಜ್ಜಿ ದಿನಾ ಗೊಣಗುತ್ತಿದ್ದಳು. ಆದರೆ ಅದು ಯುದ್ಧದ ಎಷ್ಟನೆಯ ವರ್ಷವೆಂದು ಕೇಳಿದರೆ ಹೇಳಲಾರೆ. ದಿನಚರಿ ಬರೆಯುವ ಚಟ ಹತ್ತಿದ್ದು ಕಾಲೇಜಿಗೆ ಹೋದ ಮೇಲೆ. ಅದಕ್ಕೆ ಹಿಂದಿನದೆಲ್ಲ ಬರೀ ತಲೆಯಲ್ಲಿದೆ, ಮತ್ತು ನನ್ನ ತಲೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಒಂದೇ ಸಂಗತಿಯನ್ನು ಮಕ್ಕಳಿಗೆ ಒಂದು ಥರ, ಗೆಳತಿಯರಿಗೆ ಇನ್ನೊಂದು ಥರ ಹೇಳಿ ಹೇಳಿ, ನಡೆದದ್ದು ಎಷ್ಟು, ನಾನು ಸೇರಿಸಿದ್ದು ಎಷ್ಟು ಎಂಬುದು ಈಗ ನನಗೇ ತಿಳಿಯದಾಗಿದೆ. ಓದುವವರು ಅಷ್ಟನ್ನು ಕಳೆದೇ ಓದಬೇಕು.

ಇದೆಲ್ಲ ನೆನಪಾಗಲು ಕಾರಣ ಒಂದು ಅರ್ಜಿ ನಮೂನೆ. ಹೋದ ವಾರ ಹೊಸ ಗ್ರಂಥಾಲಯವೊಂದಕ್ಕೆ ಸದಸ್ಯಳಾಗಲು ಹೋಗಿದ್ದೆ. ಹೆಸರು, ವಿಳಾಸ, ವಯಸ್ಸು ಎಲ್ಲ ಸರಸರನೆ ಬರೆದೆ. ‘ಉದ್ದೇಶ’ ಎಂಬ ಕಲಮಿನ ಮುಂದೆ ಪೆನ್ನು ನಿಂತಿತು. ಇದು ನನ್ನ ಹಳೆಯ ರೋಗ. ರೈಲಿನ ರಿಯಾಯಿತಿ ಇರಲಿ, ಬ್ಯಾಂಕಿನ ಕಾಗದ ಇರಲಿ, ಆ ಕಲಮು ಬಂತೆಂದರೆ ನಾನು ಸೂರು ನೋಡುತ್ತ ಕೂತುಬಿಡುತ್ತೇನೆ. ಮೇಜಿನ ಆಚೆಯ ಹುಡುಗಿ ಸ್ವಲ್ಪ ಹೊತ್ತು ಕಾದು, “ಓದಲಿಕ್ಕೆ ಅಂತ ಬರೀರಿ ಅಮ್ಮಾ, ಸಾಕು” ಅಂದಳು. ಬರೆದೆ. ಆದರೆ ಮನೆಗೆ ಬರುವಷ್ಟರಲ್ಲಿ ನಮ್ಮ ನೀಲತ್ತಿ ತಲೆಯೊಳಗೆ ಬಂದು ಕೂತಿದ್ದಳು.

ನೀಲತ್ತಿ ಎಂದರೆ ನೀಲವ್ವ, ನಮ್ಮ ಅಪ್ಪನ ತಂಗಿ. ಮದುವೆಯಾದ ಮೂರನೆಯ ವರ್ಷಕ್ಕೆ ಗಂಡ ತೀರಿಕೊಂಡು ತವರಿಗೆ ಬಂದಳು. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಅವಳಿಗೆ ಇಪ್ಪತ್ತೈದು ಇಪ್ಪತ್ತಾರು ಇದ್ದಿರಬೇಕು. ನಮ್ಮೂರು ಗಂಗಾವತಿ ತಾಲೂಕಿನಲ್ಲಿ, ತುಂಗಭದ್ರೆಯ ದಂಡೆಗೆ. ಆಗ ಈ ದಂಡೆ ನಿಜಾಮರದು, ಆ ದಂಡೆ ಇಂಗ್ರೇಜರದು. ನೀರಿಗೆ ಮಾತ್ರ ಅದು ಗೊತ್ತಿರಲಿಲ್ಲ.

ನೀಲತ್ತಿಗೆ ಸ್ವಂತದ್ದೊಂದು ಹರಿಗೋಲು ಇತ್ತು. ಬಿದಿರಿನ ಬುಟ್ಟಿ ಹೆಣೆದು ಹೊರಗೆ ಚರ್ಮ ಹೊದಿಸಿದ, ನೀರಿನ ಮೇಲೆ ತೇಲುವ ದೊಡ್ಡ ಪರಾತದಂಥದ್ದು. ಮೊದಲು ಅದು ಅಜ್ಜನದಾಗಿತ್ತು. ಹೊಳೆಯ ನಡುಗಡ್ಡೆಯಲ್ಲಿ ಅಜ್ಜ ಸೌತೆ, ಕಲ್ಲಂಗಡಿ ಬೆಳೆಯುತ್ತಿದ್ದ, ಅಲ್ಲಿಗೆ ಹೋಗಿಬರಲು ಮಾಡಿಸಿದ್ದ. ಒಂದು ವರ್ಷದ ಮಹಾಪೂರ ನಡುಗಡ್ಡೆಯ ಮಣ್ಣನ್ನೆಲ್ಲ ಬಳಿದುಕೊಂಡು ಹೋಯಿತು. ಬರೀ ಬಂಡೆ ಉಳಿದವು. ಅಜ್ಜನೂ ಬಹಳ ದಿನ ಉಳಿಯಲಿಲ್ಲ. ಕೆಲಸವಿಲ್ಲದ ಹರಿಗೋಲು ಹಿತ್ತಲಲ್ಲಿ ಬೋರಲು ಬಿತ್ತು. ಮಳೆಗಾಲದಲ್ಲಿ ಅದರ ಚರ್ಮದ ವಾಸನೆ ಒಲೆಯ ತನಕ ಬರುತ್ತದೆಂದು ಅಜ್ಜಿ ಅದನ್ನು ಒಡೆದು ಹಾಕಲು ಹೇಳಿದಳು. ಒಡೆಯುವ ದಿನ ನೀಲತ್ತಿ ಅದನ್ನು ತಲೆಯ ಮೇಲೆ ಹೊತ್ತು ಹೊಳೆಗೆ ಹೋದಳಂತೆ. ಇದು ನಾನು ಕಂಡದ್ದಲ್ಲ, ಕೇಳಿದ್ದು. ಅಂದಿನಿಂದ ಅದು ಅವಳದಾಯಿತು.

ಅವಳ ದಿನ ಹೀಗಿತ್ತು. ಕೋಳಿ ಕೂಗುವ ಮೊದಲೇ ಎದ್ದು ಬೀಸುವುದು, ನೀರು ತರುವುದು, ರೊಟ್ಟಿ ಬಡಿಯುವುದು, ಹೊಲಕ್ಕೆ ಬುತ್ತಿ ಕಳಿಸುವುದು. ಎಲ್ಲರ ಊಟವಾಗಿ, ಪಾತ್ರೆ ತಿಕ್ಕಿ, ಅಜ್ಜಿ ಮಲಗಿದ ಮೇಲೆ ಹರಿಗೋಲು ತಲೆಯ ಮೇಲೆ ಹೊತ್ತುಕೊಂಡು ಹೊರಡುತ್ತಿದ್ದಳು. ದೂರದಿಂದ ನೋಡಿದರೆ ಎರಡು ಕಾಲಿನ ಮೇಲೆ ನಡೆಯುವ ಆಮೆ. ನೀರಿಗೆ ಇಳಿಸಿ, ಒಂದೇ ಹುಟ್ಟು ಹಾಕುತ್ತ ಸ್ವಲ್ಪ ದೂರ ಹೋಗಿ, ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂಡುತ್ತಿದ್ದಳು. ಹರಿಗೋಲು ನಿಧಾನಕ್ಕೆ ತಿರುಗುತ್ತಿತ್ತು. ಅವಳ ಮುಖ ಒಮ್ಮೆ ನಮ್ಮ ಕಡೆ, ಒಮ್ಮೆ ಆ ದಂಡೆಯ ಬಂಡೆಗಳ ಕಡೆ. ಒಂದೊಂದು ದಿನ ನನ್ನನ್ನೂ ಕೂಡಿಸಿಕೊಂಡು ಬೇಕೆಂದೇ ಗರಗರ ತಿರುಗಿಸುತ್ತಿದ್ದಳು. ನಾನು ಹೊಟ್ಟೆಯಲ್ಲಿದ್ದ ರೊಟ್ಟಿಯನ್ನೆಲ್ಲ ತುಂಗಭದ್ರೆಗೆ ಒಪ್ಪಿಸಿದ್ದು ಒಂದು ಸಲವಲ್ಲ. ಹೊತ್ತು ಇಳಿಯುವ ಮೊದಲು ವಾಪಸು. ಚರ್ಮ ನೀರು ಕುಡಿದು ಕೊಳೆಯಬಾರದೆಂದು ಹರಿಗೋಲನ್ನು ಹಿತ್ತಲ ಬಿಸಿಲಿಗೆ ಬೋರಲು ಹಾಕಿದರೆ ಆ ದಿನ ಮುಗಿಯಿತು.

ಊರಿನವರಿಗೆ ಇದು ಮೊದಮೊದಲು ವಿಚಿತ್ರವಾಗಿ ಕಂಡು, ಆಮೇಲೆ ರೂಢಿಯಾಗಿತ್ತು. ರೂಢಿಯಾಗದವನು ದ್ಯಾಮಣ್ಣ ಒಬ್ಬನೇ. ಜನರನ್ನು ಆ ದಂಡೆಗೆ ದಾಟಿಸುವ ಗುತ್ತಿಗೆ ಅವನದು. ಅವನ ಹರಿಗೋಲುಗಳಲ್ಲದೆ ಬೇರೊಂದು ನೀರಿನ ಮೇಲೆ ಕಂಡರೆ ಅವನಿಗೆ ಊಟ ರುಚಿಸುತ್ತಿರಲಿಲ್ಲ. ಇಂದು ಸುಮ್ಮನೆ ಕೂತವಳು ನಾಳೆ ನಾಲ್ಕು ಮಂದಿಯನ್ನು ಕೂಡಿಸಿಕೊಂಡು ದಾಟಿಸುತ್ತಾಳೆಂದು ಕಟ್ಟೆಯ ಮೇಲೆ ಹೇಳಿಕೊಂಡು ತಿರುಗುತ್ತಿದ್ದ.

ಅಷ್ಟರಲ್ಲಿ ಒಂದು ದಿನ ಡಂಗುರ ಸಾರಿದರು. ಹೊಳೆಗೆ ಬಿಡುವ ದೋಣಿ, ಹರಿಗೋಲು ಯಾವುದೇ ಇರಲಿ, ತಾಲೂಕಿನ ಕಚೇರಿಯಲ್ಲಿ ದಾಖಲು ಮಾಡಿಸಬೇಕು, ಪರವಾನಗಿ ತೆಗೆದುಕೊಳ್ಳಬೇಕು, ನಂಬರು ಬರೆಸಬೇಕು. ಇಲ್ಲದಿದ್ದರೆ ಜಪ್ತಿ. ಯುದ್ಧಕ್ಕಾಗಿ ದೋಣಿ ಎಣಿಸುತ್ತಿದ್ದಾರೆಂದು ಕೆಲವರು, ಕಳ್ಳಸಾಗಣೆ ತಡೆಯಲಿಕ್ಕೆಂದು ಕೆಲವರು. ಇದೆಲ್ಲ ದ್ಯಾಮಣ್ಣ ಹಾಕಿದ ಅರ್ಜಿಯ ಫಲವೆಂದು ನಮ್ಮ ಅಜ್ಜಿ. ನಿಜಾಮರ ಸರಕಾರ ದ್ಯಾಮಣ್ಣನ ಮಾತಿಗೆ ಅಷ್ಟೊಂದು ಕಿವಿ ಕೊಡುತ್ತಿತ್ತೆಂದು ನನಗೆ ಅನಿಸುವುದಿಲ್ಲ.

ಅಪ್ಪನಿಗೆ ಉರ್ದು ಬರುತ್ತಿತ್ತು. ನಮೂನೆ ತಂದು ಓದಿ, ಇದು ಆಗುವ ಮಾತಲ್ಲ ಎಂದ. ದೋಣಿಯ ಕೆಲಸ ಯಾವುದು ಎಂಬಲ್ಲಿ ಮೂರೇ ಇದ್ದವು: ಜನ ದಾಟಿಸುವುದು, ಮಾಲು ಸಾಗಿಸುವುದು, ಮೀನು ಹಿಡಿಯುವುದು. ಲಿಂಗ ಕಟ್ಟಿದ ಮನೆಯವರು ಮೀನೆಂದು ಬರೆಯುವಂತಿಲ್ಲ, ಮೊದಲೆರಡಕ್ಕೆ ದ್ಯಾಮಣ್ಣ ಬಿಡುವಂತಿಲ್ಲ. ಹರಿಗೋಲನ್ನು ಅವನಿಗೇ ಕೊಟ್ಟುಬಿಟ್ಟರೆ ಜಗಳವಿಲ್ಲ ಎಂದು ಅಪ್ಪ ಸೂಚಿಸಿದ. ಮರುದಿನ ಬೆಳಗ್ಗೆ ನೋಡಿದರೆ ಹರಿಗೋಲು ಬಂಡಿಯ ಮೇಲೆ ಏರಿತ್ತು. ಖುದ್ದು ವಸ್ತುವನ್ನೇ ತೋರಿಸಬೇಕೆಂದು ಹುಕುಮು ಇರುವಾಗ ಹೋಗಿ ತೋರಿಸೋಣ ಎಂದಳು ನೀಲತ್ತಿ. ಅವಳಿಗೆ ಎದುರಾಡುವ ಶಕ್ತಿ ಅಪ್ಪನಿಗೆ ಅವಳ ಹುಟ್ಟಿನಿಂದಲೇ ಇದ್ದಿರಲಿಕ್ಕಿಲ್ಲ.

ಗಂಗಾವತಿಗೆ ಹೋದ ಆ ಬಂಡಿಯ ಚೆಂದವನ್ನು ನಾನು ಎಷ್ಟು ಸಲ ಹೇಳಿದ್ದೇನೋ. ಹರಿಗೋಲನ್ನು ಬೋರಲು ಹಾಕಿ ಬಂಡಿಯ ಗೂಟಗಳಿಗೆ ಬಿಗಿದಿದ್ದರು, ಅದೇ ನಮಗೆ ಮೇಲ್ಛಾವಣಿ. ಅದರ ಕೆಳಗೆ ನಾನೂ ನೀಲತ್ತಿಯೂ. ಅಪ್ಪ ನಾಚಿಕೆಗೆ ಬಂಡಿಯಿಂದ ಹತ್ತು ಮಾರು ಹಿಂದೆ, ಬೇರೆ ಯಾರೋ ಎಂಬಂತೆ ನಡೆದು ಬರುತ್ತಿದ್ದ. ದಾರಿಯ ಭತ್ತದ ಗದ್ದೆಗಳಲ್ಲಿ ಕಳೆ ಕೀಳುತ್ತಿದ್ದ ಹೆಣ್ಣುಮಕ್ಕಳು ನೆಟ್ಟಗೆ ನಿಂತು, ಹೊಳಿ ಎಲ್ಲೈತಿ ಅಂತ ಹೊಂಟೀರವ್ವಾ ಎಂದು ಕೂಗಿ ನಕ್ಕರು. ಹೊಳೆಗೆ ಪರವಾನಗಿ ಸಿಕ್ಕಿಲ್ಲ, ತರಲಿಕ್ಕೆ ಹೊರಟಿದ್ದೇವೆ ಎಂದು ನೀಲತ್ತಿ ಉತ್ತರ ಕೊಟ್ಟಳು.

ಕಚೇರಿಯಲ್ಲಿ ಪೇಶಕಾರ ಸಾಹೇಬರು ಕೂತಿದ್ದರು. ದಾಖಲೆ ಬರೆಯುವ ಅಧಿಕಾರ ಅವರದು. ಬಿಳಿ ಗಡ್ಡ, ಮೂಗಿನ ತುದಿಯಲ್ಲಿ ಕನ್ನಡಕ, ಎಲೆಯಡಿಕೆಯಿಂದ ಕೆಂಪಾದ ಬಾಯಿ. ದ್ಯಾಮಣ್ಣನೂ ತನ್ನ ಹರಿಗೋಲುಗಳ ಕಾಗದಕ್ಕೆಂದು ಬಂದು ಕಂಬಕ್ಕೆ ಒರಗಿದ್ದ. ಸಾಹೇಬರು ಹೊರಗೆ ಬಂದು ಹರಿಗೋಲನ್ನು ಒಂದು ಸುತ್ತು ಹಾಕಿದರು. ಉದ್ದ ಎಷ್ಟು ಎಂದು ಕೇಳಿದರು, ಅಪ್ಪ ಹೇಳಿದ. ಅಗಲ ಎಷ್ಟು ಎಂದರು. ಅಪ್ಪ ಅದನ್ನೇ ಮತ್ತೆ ಹೇಳಿದ. ಸಾಹೇಬರು ಅನುಮಾನದಿಂದ ನೋಡಿ ತಾವೇ ಗೇಣು ಹಾಕಿ ಅಳೆದುಕೊಂಡರು. ಆಮೇಲೆ, ನಂಬರನ್ನು ದೋಣಿಯ ಮುಂಭಾಗಕ್ಕೆ ಬರೆಸಬೇಕೆಂದು ಕಾಯಿದೆ ಇದೆ, ಇದರ ಮುಂಭಾಗ ಯಾವುದು ಎಂದರು. ಅಪ್ಪ ಬೆವರಿದ. ಅಲ್ಲಿಯ ತನಕ ಬಂಡಿಯ ಮರೆಯಲ್ಲಿದ್ದ ನೀಲತ್ತಿ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

“ನಾ ಯಾವ ಕಡಿ ಮಾರಿ ಮಾಡಿ ಕುಂದರತೀನೋ ಅದಽ ಮುಂದ್ರೀ, ಸಾಹೇಬರ.”

ಸಾಹೇಬರು ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ಮಾಲಕರು ಅಪ್ಪನೆಂದು ಅವರು ತಿಳಿದಿದ್ದರು.

“ಹರಿಗೋಲ ನಿಮ್ಮದಾ ಬಾಯಿ?”

“ನಂದಽರೀ.”

“ಏನ್ ಕೆಲಸಕ್ಕಂತ ಬರಕೊಳ್ಳಲಿ?”

“ಕೆಲಸಕ್ಕಲ್ರೀ. ಕೆಲಸ ಮುಗದ ಮ್ಯಾಲೆ.”

ದ್ಯಾಮಣ್ಣ ಕಂಬ ಬಿಟ್ಟು ಮುಂದೆ ಬಂದ. ಈ ಮಾತು ನಂಬಬೇಡಿ, ಸುಮ್ಮನೆ ಕೂಡಲಿಕ್ಕೆ ಯಾರಾದರೂ ನೀರಿಗೆ ಹೋಗುತ್ತಾರೆಯೇ, ಮನೆಯಲ್ಲಿ ಕಟ್ಟೆ ಇಲ್ಲವೇ ಎಂದ. ನೀಲತ್ತಿ ಅವನ ಕಡೆ ತಿರುಗಲೂ ಇಲ್ಲ.

“ಕಟ್ಟಿ ಮ್ಯಾಲೆ ಕುಂತ್ರ ನಿನ್ನಂಥಾವ್ರು ಮಾತಾಡ್ಸತಾರ, ದ್ಯಾಮಣ್ಣ.”

ಕಚೇರಿಯ ಜವಾನ ಮುಖ ತಿರುಗಿಸಿ ನಕ್ಕ. ಪೇಶಕಾರ ಸಾಹೇಬರು ನಗಲಿಲ್ಲ. ಒಳಗೆ ಹೋಗಿ ಕೂತು, ಲೇಖಣಿ ಕೈಯಲ್ಲಿ ಹಿಡಿದು ಬಹಳ ಹೊತ್ತು ಯೋಚಿಸಿದರು. ಆ ಹೊತ್ತು ನೀಲತ್ತಿಯ ಕೈ ನನ್ನ ಭುಜವನ್ನು ಅದುಮಿ ಹಿಡಿದಿತ್ತು. ಇದನ್ನು ಮಾತ್ರ ನಾನು ಸೇರಿಸಿಲ್ಲ. ಈಗಲೂ ಭುಜಕ್ಕೆ ಗೊತ್ತು. ಇಲ್ಲ ಎಂದಿದ್ದರೆ ಹರಿಗೋಲು ಅಲ್ಲೇ ಕಚೇರಿಯ ಅಂಗಳದಲ್ಲಿ ಜಪ್ತಿಯಾಗುತ್ತಿತ್ತು. ಅದರೊಂದಿಗೆ ದಿನದಲ್ಲಿ ಅವಳಿಗೆಂದು ಇದ್ದ ಒಂದೇ ಹೊತ್ತೂ ಹೋಗುತ್ತಿತ್ತು.

ಕೊನೆಗೆ ಸಾಹೇಬರು ಮೂರೂ ಕೆಲಸಗಳನ್ನು ಒಂದೊಂದಾಗಿ ಹೊಡೆದು ಹಾಕಿದರು. ಪಕ್ಕದಲ್ಲಿ ಒಂದು ಸಣ್ಣ ಶಬ್ದ ಬರೆದರು.

“ಸೈರು ಅಂತ ಬರದೀನಿ ಬಾಯಿ. ಮನಸಿನ ಖುಷಿಗೆ ತಿರಗೋದು. ನವಾಬರು ಮಾಡತಾರ ಇದನ್ನ.”

“ಮಾಡ್ಲೇಳ್ರೀ, ನಮಗೇನು,” ಎಂದಳು ನೀಲತ್ತಿ.

ಆದರೆ ದ್ಯಾಮಣ್ಣನನ್ನೂ ಅವರು ಬರಿಗೈಯಲ್ಲಿ ಕಳಿಸಲಿಲ್ಲ. ಷರತ್ತುಗಳನ್ನು ಓದಿ ಹೇಳಿದರು. ಪರರನ್ನು ಕೂಡಿಸಿಕೊಳ್ಳಬಾರದು. ನಡುಹೊಳೆ ದಾಟಿ ಆ ದಂಡೆಗೆ ಹೋಗಬಾರದು, ಹೋದರೆ ಪರವಾನಗಿ ರದ್ದು. ವರ್ಷಕ್ಕೊಮ್ಮೆ ಮಾಲಕರು ಖುದ್ದು ಬಂದು ಈ ಷರತ್ತಿಗೆ ಒಪ್ಪಿದ್ದೇವೆಂದು ರುಜು ಮಾಡಬೇಕು. ನಡುಹೊಳೆಯ ಗೆರೆ ಎಲ್ಲಿದೆ ಎಂದು ನೀಲತ್ತಿ ಕೇಳಿದಳೆಂದು ನಾನು ಬಹಳ ಕಾಲ ಹೇಳುತ್ತಿದ್ದೆ. ಈಗ ಯೋಚಿಸಿದರೆ ಆ ಪ್ರಶ್ನೆ ನನ್ನದೇ ಇರಬೇಕು, ದಾರಿಯಲ್ಲಿ ಕೇಳಿದ್ದು. ಕಚೇರಿಯಲ್ಲಿ ಅವಳು ತಲೆಯಾಡಿಸಿ ಒಪ್ಪಿಕೊಂಡಳು. ಸಾಹೇಬರು ಮಸಿಯ ಡಬ್ಬಿ ಮುಂದೆ ಸರಿಸಿದರು. ಅವಳು ಹೆಬ್ಬೆರಳು ಒತ್ತಿದಳು.

ವಾಪಸು ಬರುವಾಗ ಅಪ್ಪ ಬಂಡಿಯ ಮುಂದೆ ಮುಂದೆ ನಡೆದ. ಎದುರಾದವರಿಗೆಲ್ಲ ಕಾಗದ ತೋರಿಸಿದ. ಇಡೀ ತಾಲೂಕಿನಲ್ಲಿ ಖುಷಿಗಾಗಿ ಹೊಳೆಯ ಮೇಲೆ ಹೋಗಲು ಸರಕಾರದ ಪರವಾನಗಿ ಇದ್ದದ್ದು ನಮ್ಮ ಮನೆಗೆ ಒಂದೇ, ಅದೂ ಹೆಣ್ಣುಮಗಳ ಹೆಸರಿಗೆ. ಈ ಹೆಮ್ಮೆ ನನಗೆ ಇಂದಿಗೂ ಇಳಿದಿಲ್ಲ. ನನ್ನ ಪದವಿಯ ಕಾಗದಕ್ಕೆ ಕಟ್ಟು ಹಾಕಿಸಿ ಮನೆಯವರು ಗೋಡೆಗೆ ತೂಗು ಹಾಕಿದರು. ನನಗೆ ತೂಗು ಹಾಕಬೇಕೆಂದಿದ್ದದ್ದು ಅದನ್ನಲ್ಲ, ಈ ಪರವಾನಗಿಯನ್ನು.

ಹೆಮ್ಮೆಪಡದೆ ಕೂತವಳು ನೀಲತ್ತಿ. ಹೆಬ್ಬೆರಳನ್ನು ಸೆರಗಿಗೆ ಒರೆಸುತ್ತಲೇ ಇದ್ದಳು. “ಎಮ್ಮಿಗೆ ಬರಿ ಹಾಕಿದಂಗ ಆತು ನೋಡು,” ಎಂದು ಒಂದು ಸಲ ಅಂದಳು, ಅಷ್ಟೇ. ನಾಲ್ಕು ದಿನ ಹೊಳೆಯ ಉಸುಕು ಹಾಕಿ ಬೆರಳು ತಿಕ್ಕಿದಳು.

ನಂಬರಿನ ಕಥೆ ಹೇಳದೆ ಮುಂದೆ ಹೋದರೆ ನಮ್ಮೂರಿನವರು ಒಪ್ಪುವುದಿಲ್ಲ. ಹರಿಗೋಲಿಗೆ ಏಳನೆಯ ನಂಬರು ಸಿಕ್ಕಿತ್ತು, ಉರ್ದು ಅಂಕಿಯಲ್ಲಿ ಬರೆಸಬೇಕಿತ್ತು. ಎತ್ತಿನ ಕೋಡಿಗೆ ಬಣ್ಣ ಬಳಿಯುವ ಬಸಣ್ಣನನ್ನು ಕರೆಸಿದರು. ಅವನಿಗೆ ಯಾವ ಅಂಕಿಯೂ ಬಾರದು, ಅಪ್ಪ ಕಾಗದದ ಮೇಲೆ ಬರೆದು ಕೊಟ್ಟದ್ದನ್ನು ನೋಡಿ ಚೆಂದವಾಗಿ ಎಳೆದ. ಹರಿಗೋಲು ಎಂದಿನಂತೆ ಬೋರಲು ಬಿದ್ದಿತ್ತು. ಬೋರಲು ಬಿದ್ದದ್ದರ ಮೇಲೇ ನೆಟ್ಟಗೆ ಬರೆದ. ಉರ್ದುವಿನ ಏಳನ್ನು ತಲೆಕೆಳಗು ಮಾಡಿದರೆ ಎಂಟಾಗುತ್ತದೆಂಬುದು ಅಪ್ಪನಿಗೂ ಆ ಹೊತ್ತಿಗೆ ಹೊಳೆಯಲಿಲ್ಲ. ಹಿತ್ತಲಲ್ಲಿ ಏಳಾಗಿದ್ದ ಹರಿಗೋಲು ಹೊಳೆಗೆ ಇಳಿದೊಡನೆ ಎಂಟಾಯಿತು. ಎಂಟು ದ್ಯಾಮಣ್ಣನ ದೊಡ್ಡ ಹರಿಗೋಲಿನ ನಂಬರು. ಅವನು ದೂರು ಕೊಟ್ಟ. ತನಿಖೆಗೆ ಬಂದವನ ಮುಂದೆ ನೀಲತ್ತಿ ಹರಿಗೋಲನ್ನು ದಂಡೆಗೆ ತಂದು ಬೋರಲು ಹಾಕಿ ತೋರಿಸಿದಳು, ಸರಿಯಾಗಿ ಏಳು. ಅವನು ತಲೆ ಕೆರೆದುಕೊಂಡು, ಇನ್ನೊಂದು ಮಗ್ಗುಲಿಗೆ ನೀರಿನಲ್ಲಿ ಓದುವ ಹಾಗೆ ಬರೆಸಿ ಎಂದು ಹೇಳಿ ಹೋದ. ಬಸಣ್ಣ ಬರೆದ. ಹಳೆಯದನ್ನು ಕೆರೆದರೆ ಚರ್ಮ ಹರಿಯುತ್ತದೆಂದು ಬಿಟ್ಟ. ಅಂದಿನಿಂದ ಹರಿಗೋಲು ತಿರುಗಿದಂತೆಲ್ಲ ಏಳು, ಎಂಟು, ಏಳು, ಎಂಟು. ದ್ಯಾಮಣ್ಣ ದೂರು ಕೊಡುವುದನ್ನು ಬಿಟ್ಟುಬಿಟ್ಟ.

ಅದೇ ವರ್ಷ, ಮಳೆಗಾಲ ಕಳೆದ ಮೇಲೆ, ನಮ್ಮ ಮನೆಗೆ ಒಂದು ಕನ್ನಡ ಅಂಕಲಿಪಿ ಬಂತು. ಊರ ಸಾಲೆಯಲ್ಲಿ ನಾನು ಕಲಿಯುತ್ತಿದ್ದದ್ದು ಉರ್ದು. ಕನ್ನಡದ ಪುಸ್ತಕ ನಾನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಮಧ್ಯಾಹ್ನ ಬೋರಲು ಹಾಕಿದ ಹರಿಗೋಲಿಗೆ ಒಂದು ಕಡೆ ಕಲ್ಲು ಕೊಟ್ಟು ಎತ್ತರಿಸಿ, ಅದರ ನೆರಳಿಗೆ ನನ್ನನ್ನು ಕರೆದು ನೀಲತ್ತಿ ಪುಸ್ತಕ ತೆರೆದಳು. ಅವಳಿಗೂ ಓದಲು ಬಾರದು, ನನಗೂ ಬಾರದು. ಇಬ್ಬರೂ ಆನೆಯ ಚಿತ್ರ ನೋಡಿದೆವು. ಆಮೇಲೆ ಅವಳು ಒಂದು ಉಪಾಯ ಹೇಳಿದಳು. ಸಂಜೆ ಅಪ್ಪ ಉಣ್ಣುವಾಗ ನಾನು ಒಂದೆರಡು ಅಕ್ಷರ ಕೇಳಿ ತಿಳಿದುಕೊಳ್ಳಬೇಕು, ಮರುದಿನ ಹರಿಗೋಲಿನ ಕೆಳಗೆ ಅವಳಿಗೆ ಹೇಳಬೇಕು. ಅಣ್ಣನನ್ನು ತಾನೇ ಕೇಳಲು ಅವಳಿಗೆ ಮನಸ್ಸಿರಲಿಲ್ಲ. ನನಗೆ ಅಕ್ಷರದ ಹಸಿವು ಎಷ್ಟೆಂದು ಅಪ್ಪ ಬೆರಗಾಗಿ, ಈ ಹುಡುಗಿಯನ್ನು ಮುಂದೆ ಓದಿಸಲೇಬೇಕೆಂದು ಆಗಲೇ ನಿಶ್ಚಯಿಸಿದನಂತೆ. ನಾನು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ್ದಕ್ಕೆ ಕಾರಣವಾದ ಆ ಹಸಿವು ಅರ್ಧಕ್ಕಿಂತ ಹೆಚ್ಚು ನೀಲತ್ತಿಯದು. ಅಪ್ಪನಿಗೆ ನಾನು ಇದನ್ನು ಹೇಳಲೇ ಇಲ್ಲ.

ವರ್ಷ ತುಂಬಿ ಮತ್ತೆ ಗಂಗಾವತಿಗೆ ಹೋದೆವು. ಅದೇ ಸಾಹೇಬರು, ಅದೇ ಮಸಿಯ ಡಬ್ಬಿ. ನೀಲತ್ತಿ ಡಬ್ಬಿಯನ್ನು ಒಂದು ಬೆರಳಿನಿಂದ ಪಕ್ಕಕ್ಕೆ ಸರಿಸಿ ಲೇಖಣಿಗೆ ಕೈ ಚಾಚಿದಳು. ಕಾಗದದ ಮೇಲೆ ಬಗ್ಗಿ, ಉಸಿರು ಬಿಗಿಹಿಡಿದು, ಹೆಸರು ಬರೆದಳು. ನೀ ಎಂಬುದು ಎಷ್ಟು ದೊಡ್ಡದಾಯಿತೆಂದರೆ ಉಳಿದೆರಡು ಅಕ್ಷರ ಕಾಗದದ ಅಂಚಿಗೆ ಒತ್ತಿಕೊಂಡು ನಿಂತವು. ಸಾಹೇಬರಿಗೆ ಕನ್ನಡ ಓದಲು ಬಾರದು. ಏನು ಬರೆದಿದ್ದಾರೆಂದು ಅಪ್ಪನನ್ನು ಕೇಳಿದರು. ಅಪ್ಪ ಬಾಗಿಲ ಕಡೆ ಮುಖ ಮಾಡಿ ನಿಂತಿದ್ದ. ನನಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು.

“ನನ್ನ ಹೆಸರ್ರೀ,” ಎಂದಳು ನೀಲತ್ತಿ.

ಸಾಹೇಬರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ಶಹಬ್ಬಾಸ್ ಎಂದು ಮೆಲ್ಲಗೆ ಅಂದರು. ಷರತ್ತುಗಳನ್ನು ಮತ್ತೊಮ್ಮೆ ಓದಿ ಹೇಳಬೇಕೇ ಎಂದು ಕೇಳಿದರು.

“ಬ್ಯಾಡ್ರೀ. ಎಲ್ಲಾ ಗೊತ್ತದಾವ.”

ಇಲ್ಲಿಗೆ ನಿಲ್ಲಿಸಿದರೆ ಇದೊಂದು ಒಳ್ಳೆಯ ಕಥೆ, ಬಹಳ ವರ್ಷ ಇಲ್ಲಿಗೇ ನಿಲ್ಲಿಸುತ್ತಿದ್ದೆ ಕೂಡ. ಬಿ.ಎ. ಮುಗಿಸಿ ಊರಿಗೆ ಬಂದಾಗ ಟ್ರಂಕಿನಲ್ಲಿ ಆ ಅಂಕಲಿಪಿ ಸಿಕ್ಕಿತು. ಮೊದಲ ಪುಟದಲ್ಲಿ ಅಂಗಡಿಯ ಮುದ್ರೆ ಇತ್ತು, ಊರು ಹೊಸಪೇಟೆ. ಹೊಸಪೇಟೆ ಆ ದಂಡೆಯ ಊರು. ಅಪ್ಪನನ್ನು ಕೇಳಿದೆ, ತಾನು ತಂದದ್ದಲ್ಲವೆಂದ. ಮುದುಕನಾಗಿದ್ದ ದ್ಯಾಮಣ್ಣನನ್ನೂ ಕೇಳಿದೆ. ನಿಮ್ಮತ್ತೆ ನನ್ನ ಹರಿಗೋಲಿನಲ್ಲಿ ಒಂದು ದಿನವೂ ಕಾಲಿಟ್ಟವಳಲ್ಲ, ಅಷ್ಟು ಸೊಕ್ಕು ಎಂದ. ಊರೂರು ತಿರುಗಿ ಮಾರುವವನು ಯಾರಾದರೂ ನಮ್ಮ ಓಣಿಗೆ ಬಂದಿರಬಹುದು. ಹಾಗೆಯೇ ಇರಬಹುದು.

ಆದರೆ ನನಗೆ ಇನ್ನೊಂದು ನೆನಪಿದೆ. ಆ ಪುಸ್ತಕ ಬಂದ ಸುಮಾರಿಗೆ ಒಂದು ದಿನ ನೀಲತ್ತಿ ತಡವಾಗಿ, ದೀಪ ಹಚ್ಚುವ ಹೊತ್ತಿಗೆ ಬಂದಳು. ಅಜ್ಜಿ ಬೈಯುತ್ತಿದ್ದಳು, ನಾನು ಹೊಸ್ತಿಲ ಮೇಲೆ ಕೂತಿದ್ದೆ, ಅವಳ ಪಾದಗಳು ನನ್ನ ಕಣ್ಣಿನ ಮಟ್ಟದಲ್ಲಿದ್ದವು. ಹೊಳೆಯ ಮೇಲೆ ಕೂತು ಬಂದವರ ಪಾದ ಒದ್ದೆ ಇರುತ್ತದೆ. ಅವಳವೂ ಒದ್ದೆಯೇ, ಆದರೆ ಮೇಲೆ ಕಣಕಾಲಿನ ಸುತ್ತ ಕೆಂಪು ಧೂಳು, ನಮ್ಮ ದಂಡೆಯ ಕಪ್ಪು ಮಣ್ಣಲ್ಲ. ಈ ಧೂಳನ್ನು ನಾನು ಕಂಡೆನೋ, ಮುದ್ರೆ ನೋಡಿದ ಮೇಲೆ ಅವಳ ಕಾಲಿಗೆ ನಾನೇ ಹಚ್ಚಿದೆನೋ, ಆಣೆ ಮಾಡಿ ಹೇಳಲಾರೆ. ಕಂಡದ್ದು ನಿಜವಾದರೆ ಸಂಗತಿ ಹೀಗಾಗುತ್ತದೆ: ನಡುಹೊಳೆ ದಾಟುವುದಿಲ್ಲವೆಂದು ಬರೆದುಕೊಡಲು ಅವಳಿಗೆ ಅಕ್ಷರ ಬೇಕಿತ್ತು. ಅಕ್ಷರ ಇದ್ದದ್ದು ನಡುಹೊಳೆಯ ಆಚೆ. ಸಿಕ್ಕಿಬಿದ್ದಿದ್ದರೆ ಹರಿಗೋಲು ಹೋಗುತ್ತಿತ್ತು, ಮತ್ತು ಅವಳು ಅದನ್ನು ತಿಳಿದೇ ಹೋಗಿದ್ದಳು. ಮಾತಿಗೆ ತಪ್ಪದವಳೆಂದು ಹೆಮ್ಮೆಪಡಲೋ, ತಪ್ಪಿದವಳೆಂದು ಇನ್ನೂ ಹೆಚ್ಚು ಹೆಮ್ಮೆಪಡಲೋ ನನಗೆ ಇಷ್ಟು ವಯಸ್ಸಾದರೂ ತೀರ್ಮಾನಕ್ಕೆ ಬರಲಾಗಿಲ್ಲ.

ಅವಳನ್ನೇ ಕೇಳಿದ್ದೇನೆ. ಒಮ್ಮೆ ಕೇಳಿದಾಗ ಒಲೆಯ ಮೇಲೆ ಹಾಲಿದೆ ಎಂದು ಎದ್ದುಹೋದಳು. ಇನ್ನೊಮ್ಮೆ, ನೀನು ಓದಿದವಳು, ನಿನಗೇ ಗೊತ್ತಿರಬೇಕು ಎಂದಳು. ಮೊನ್ನೆ ಊರಿಗೆ ಹೋದಾಗ ಹಗಲು ಹೊತ್ತು ಕಟ್ಟೆಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಈಗ ಕಿವಿ ಸ್ವಲ್ಪ ಮಂದ, ಬೇಕಾದಾಗ ಹೆಚ್ಚು ಮಂದ. ನಾನು ಪಕ್ಕಕ್ಕೆ ಕೂತು, ಮೊರವನ್ನು ನನ್ನ ಕಡೆ ಎಳೆದುಕೊಂಡು, ಈ ಸಲ ಸುತ್ತುಬಳಸದೆ ನೇರವಾಗಿ ಕೇಳಿದೆ. ಅವಳು ಒಂದು ಕಾಯಿ ಬಿಡಿಸಿದಳು, ಇನ್ನೊಂದನ್ನು ಎತ್ತಿಕೊಂಡಳು, ಹೊಳೆಯ ಕಡೆ ಒಂದು ಸಲ ನೋಡಿ ಮತ್ತೆ ಕಾಯಿಯ ಕಡೆ ನೋಡಿದಳು. ನಾನು ಕೇಳಿದ್ದು ಇಷ್ಟೇ:

“ಅತ್ತಿ, ಆ ಪುಸ್ತಕ ತರಾಕ ನೀನಽ ಆ ದಂಡಿಗೆ ಹೋಗಿದ್ದೇನು?”